ಅಜ್ಜಿಯ ಒಣ ಸೌದೆ

ನನಗೊಂದು ಚಟವಿದೆ. ಮರದ ಸಾಮಾನು ಎಲ್ಲಿ ಕಂಡರೂ ಬೆರಳಿನ ಗಣ್ಣಿನಿಂದ ಎರಡು ಸಲ ಬಡಿದು, ಕಿವಿ ಕೊಟ್ಟು ಕೇಳುತ್ತೇನೆ. ಹೋದ ತಿಂಗಳು ಸೊಸೆಯ ಜೊತೆ ಕೋಲಾರದಲ್ಲಿ ಮಂಚ ಕೊಳ್ಳಲು ಹೋಗಿದ್ದೆ. ಅಂಗಡಿಯವನು ತೇಗ, ಹೊನ್ನೆ ಎಂದು ಹೊಗಳುತ್ತಿದ್ದರೆ ನಾನು ಮಂಚದ ಕಾಲು, ತಲೆಕಡೆ, ಅಡ್ಡಪಟ್ಟಿ ಎಲ್ಲವನ್ನೂ ಬಡಿಯುತ್ತಾ ಒಂದು ಸುತ್ತು ಬಂದೆ. ಕೊನೆಗೆ, "ಇದಿನ್ನೂ ಹಸಿ ಐತಲ್ಲಪ್ಪ" ಎಂದುಬಿಟ್ಟೆ. ಅವನ ಮುಖ ಹುಳ್ಳಗಾಯಿತು. ಸೊಸೆ ನನ್ನ ಕೈ ಹಿಡಿದು ಮೆಲ್ಲಗೆ ಹೊರಗೆ ಕರೆತಂದು, "ಅತ್ತೆ, ಮಂಚ ಮಲಗೋದಕ್ಕೆ, ಉರಿಸೋದಕ್ಕಲ್ಲ" ಎಂದು ನಕ್ಕಳು. ಪಾಪ, ತಮಾಷೆಗೆ ಅಂದದ್ದು ಎಲ್ಲಿಗೆ ಹೋಗಿ ತಗುಲಿತು ಅಂತ ಅವಳಿಗೆ ಗೊತ್ತಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ. ಇದು ನಮ್ಮಜ್ಜಿ ಕಲಿಸಿದ ವಿದ್ಯೆ ಕಣಪ್ಪ, ಅವರು ತಮ್ಮ ಚಿತೆಯ ಸೌದೆ ಒಣಗಿದೆಯೋ ಇಲ್ಲವೋ ಅಂತ ಹೀಗೇ ನೋಡುತ್ತಿದ್ದರು, ನನ್ನ ಕಡೆಗಾಲಕ್ಕೂ ಒಂದೆರಡು ಆಸೆ ಇವೆ, ಹೇಳಿಬಿಡಲಾ ಎಂದೆ. ಅವನು ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ತಟ್ಟೆಗೆ ಹಾಕಿ, "ಬಿಡ್ತು ಅನ್ನಮ್ಮ" ಎಂದ. ನಾನು ಬಿಡ್ತು ಅಂದೆ. ಅಲ್ಲಿಗೆ ಆ ಮಾತು ನಿಂತುಹೋಯಿತು, ಅವನಿಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.

ಈ 'ಬಿಡ್ತು ಅನ್ನು' ಎಂಬ ಮಾತಿದೆಯಲ್ಲ, ಅದನ್ನು ಕೇಳಿಯೇ ನಾನು ಬೆಳೆದೆ. ಶ್ರೀನಿವಾಸಪುರದಿಂದ ಮೂರು ಮೈಲಿ ದೂರದ ನಮ್ಮ ಹಳ್ಳಿಯ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೋಳಿ ಕೂಗುತ್ತಿತ್ತೋ ಅಷ್ಟು ಸಲ ನಮ್ಮಪ್ಪ ಅಜ್ಜಿಗೆ ಬಿಡ್ತು ಅನ್ನು ಎನ್ನುತ್ತಿದ್ದರು. ಅಜ್ಜಿ ಅಪ್ಪನ ತಾಯಿ. ಪುಂಗನೂರು ಕಡೆಯ ಹೆಣ್ಣು. ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ಕೋಪ ಬಂದಾಗ ಮತ್ತು ನಿಜ ಹೇಳುವಾಗ ತೆಲುಗಿಗೆ ತಿರುಗುತ್ತಿದ್ದರು. ಸಾವಿನ ಮಾತೆಂದರೆ ಅವರಿಗೆ ನಾಳೆಯ ಅಡುಗೆಯ ಮಾತಿದ್ದ ಹಾಗೆ. ರಾಗಿ ಬೀಸುತ್ತಾ, ನನ್ನ ತಲೆ ಬಾಚುತ್ತಾ, ಅವರೇಕಾಯಿ ಬಿಡಿಸುತ್ತಾ ಎಲ್ಲೆಂದರಲ್ಲಿ ಅದು ಬಂದುಬಿಡುತ್ತಿತ್ತು. ತಮ್ಮ ತಿಥಿಯ ವಡೆ ಮೆತ್ತಗಿರಬಾರದು. ಪಕ್ಕದ ಮನೆ ಮುನಿವೆಂಕಟಮ್ಮ ಬಂದು ರಾಗ ಎಳೆದು ಅಳಬಾರದು, ಯಾಕೆಂದರೆ ಬದುಕಿದ್ದಾಗ ಒಂದು ದಿನ ಸಾಲ ಕೇಳಿದರೆ ಮಜ್ಜಿಗೆ ಕೊಟ್ಟವಳಲ್ಲ. ತಮ್ಮನ್ನು ಹೊರುವಾಗ ಕೆರೆ ಏರಿಯ ಮೇಲೆ ಹೋಗಬೇಕು, ಗದ್ದೆ ಬದುವಿನ ಮೇಲೆ ಹೋದರೆ ಯಾರಾದರೂ ಜಾರಿ ಬಿದ್ದು ತಮ್ಮನ್ನೂ ಕೆಡವುತ್ತಾರೆ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಈಗ ಹೇಳದೆ ಇನ್ಯಾವಾಗ ಹೇಳಲಿ ಎಂಬುದು ಅವರ ವಾದ. ಆಗ ಅವರಿಗೆ ಅರವತ್ತೂ ಆಗಿರಲಿಲ್ಲವೇನೋ, ಒಂದು ಬಿಂದಿಗೆ ಸೊಂಟದಲ್ಲಿ ಒಂದು ತಲೆ ಮೇಲೆ ಇಟ್ಟುಕೊಂಡು ಬಾವಿಯಿಂದ ಬರುತ್ತಿದ್ದರು. ಅಪ್ಪ ಮಾತ್ರ ಇಂಥ ಮಾತು ಕೇಳಿದ ತಕ್ಷಣ "ಅಮ್ಮ, ಬಿಡ್ತು ಅನ್ನು" ಎಂದು ಟವಲು ಕೊಡವಿ ಎದ್ದುಹೋಗುತ್ತಿದ್ದರು. ಅಜ್ಜಿ ಬಿಡ್ತು ಅನ್ನುವುದನ್ನು ಕೇಳಲು ಕೂಡ ನಿಲ್ಲುತ್ತಿರಲಿಲ್ಲ.

ಹೇಳಿದ್ದರಲ್ಲೆಲ್ಲ ಅಜ್ಜಿ ನಿಜವಾಗಿ ಹಟ ಹಿಡಿದದ್ದು ಒಂದೇ ಒಂದು ವಿಷಯಕ್ಕೆ. ಸೌದೆ. ತಮ್ಮನ್ನು ಸುಡುವ ಸೌದೆ ಚೆನ್ನಾಗಿ ಒಣಗಿರಬೇಕು, ಅದನ್ನು ಮೊದಲೇ ಕಡಿದು ಇಟ್ಟಿರಬೇಕು. ಯಾವ ಮರ ಎಂಬುದನ್ನೂ ಅವರೇ ಗೊತ್ತು ಮಾಡಿದ್ದರು.

ನಮ್ಮ ಮನೆ ಹಿತ್ತಿಲಿನಾಚೆ, ತೋಪಿನ ಮೂಲೆಯಲ್ಲಿ ಒಂದು ಮಾವಿನ ಮರವಿತ್ತು. ನಾನು ಕಾಣದ ನಮ್ಮ ತಾತ ಒಂದು ಸಲ ಮುಳಬಾಗಿಲು ಸಂತೆಯಲ್ಲಿ ಹಣ್ಣು ತಿಂದು, ಆ ರುಚಿಗೆ ಮನಸೋತು, ಓಟೆಯನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಬಂದು ನೆಟ್ಟ ಮರ. ಬೆಳೆಯಿತು, ಮೂರಾಳು ಎತ್ತರ ಹೋಯಿತು, ನೆರಳು ಕೊಟ್ಟಿತು, ಕಾಗೆಗಳಿಗೆ ಗೂಡು ಕೊಟ್ಟಿತು. ಹಣ್ಣು ಮಾತ್ರ ಕೊಡಲಿಲ್ಲ. ತಾತ ತೀರಿಹೋದರು, ಮರ ಹಾಗೇ ಇತ್ತು. ಸುತ್ತಲಿನ ಮರಗಳೆಲ್ಲ ಬಡಿದಾಡಿಕೊಂಡು ಕಾಯಿ ಬಿಡುವಾಗ ಇದೊಂದು ಎಲೆ ಬೀಸಿಕೊಂಡು ನಿಂತಿರುತ್ತಿತ್ತು.

ಕಾಯಿ ಬಿಡದ ಮರಕ್ಕೆ ನಮ್ಮ ಕಡೆ ಒಂದು ಮದ್ದಿದೆ, ನಿಮಗೂ ಗೊತ್ತಿರಬಹುದು. ಸಂಕ್ರಾಂತಿಯ ಬೆಳಗ್ಗೆ ಒಬ್ಬರು ಕೊಡಲಿ ಹಿಡಿದು ಮರಕ್ಕೆ ಗದರಿಸಬೇಕು. ಇನ್ನೊಬ್ಬರು ಅಡ್ಡ ಬಂದು ಮರದ ಪರವಾಗಿ ಜಾಮೀನು ನಿಲ್ಲಬೇಕು. ನನಗೆ ಐದು ವರ್ಷವಾದಾಗಿನಿಂದ ಜಾಮೀನು ನಾನೇ. ಎಣ್ಣೆ ನೀರು ಹಾಕಿಸಿಕೊಂಡು, ಹೊಸ ಲಂಗ ಉಟ್ಟು, ಎಳ್ಳುಬೆಲ್ಲ ಬಾಯಲ್ಲಿಟ್ಟುಕೊಂಡು ಅಜ್ಜಿಯ ಹಿಂದೆ ಹೋಗುತ್ತಿದ್ದೆ. ಅಜ್ಜಿ ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಮೂರು ಏಟು ಹಾಕಿ, ಈ ವರ್ಷ ಬಿಡ್ತೀಯೋ ಇಲ್ಲಾ ಕಡಿದು ಹಾಕ್ಲೋ ಎಂದು ಕೇಳುವರು. ನಾನು ಮರವನ್ನು ತಬ್ಬಿಕೊಂಡು, ಬೇಡಜ್ಜಿ, ಬರೋ ವರ್ಷ ಬಿಡ್ತದೆ, ನಾನು ಜಾಮೀನು ಎನ್ನುತ್ತಿದ್ದೆ. ಅಜ್ಜಿ ಕೊಡಲಿ ಇಳಿಸುತ್ತಿದ್ದರು. ಪ್ರತಿ ವರ್ಷ ನಾನು ಜಾಮೀನು ನಿಂತೆ, ಪ್ರತಿ ವರ್ಷ ಮರ ನನ್ನ ಮರ್ಯಾದೆ ಕಳೆಯಿತು.

ಎಲ್ಲ ಮಕ್ಕಳಿಗೂ ಇದು ಆಟ. ನನಗೆ ಆಟವಾಗಿ ಉಳಿಯಲಿಲ್ಲ. ಯಾವಾಗಲೋ ಅಜ್ಜಿ, ಆ ಮರ ನನಗೆ, ಅದು ಬಿದ್ದ ಮೇಲೆ ನಾನು ಹೊರಡೋದು ಎಂದದ್ದು ಕಿವಿಗೆ ಬಿದ್ದಿತ್ತು. ನನ್ನ ಮಂಡೆಯಲ್ಲಿ ಅದು ತಿರುಗುಮುರುಗಾಗಿ ಕೂತುಬಿಟ್ಟಿತು. ಮರ ಕಡಿದರೆ ಅಜ್ಜಿ ಸಾಯುತ್ತಾರೆ, ಮರ ನಿಂತಿರುವ ತನಕ ಅವರಿಗೆ ಏನೂ ಆಗದು, ಹಾಗಾಗಿ ನಾನು ಜಾಮೀನು ನಿಂತಿರುವುದು ಮರಕ್ಕಲ್ಲ, ಅಜ್ಜಿಗೆ! ಎಂಟು ವರ್ಷದ ನನ್ನ ಬುದ್ಧಿ ಅಷ್ಟು ಚುರುಕು. ಆ ವರ್ಷ ಸಂಕ್ರಾಂತಿಗೆ ಕೊಡಲಿ ನೋಡಿದ್ದೇ ತಡ, ಮರ ತಬ್ಬಿಕೊಂಡು ಎಳ್ಳುಬೆಲ್ಲ ಉಗುಳಿ ಗೊಳೋ ಎಂದು ಅತ್ತೆ. ಯಾಕೆ ಅಂತ ಅಜ್ಜಿ ಕೇಳಿದಾಗ ಬಿಕ್ಕುತ್ತಾ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಕೊಡಲಿ ಪಕ್ಕಕ್ಕಿಟ್ಟು, ಬೇರಿನ ಮೇಲೆ ಕೂತು, ನನ್ನನ್ನು ತೊಡೆಗೆ ಎಳೆದುಕೊಂಡು ತಾತ ಸತ್ತ ದಿನದ ಕತೆ ಹೇಳಿದರು.

ತಾತ ಹೋದದ್ದು ಕಾರ್ತೀಕದಲ್ಲಿ, ಹಿಡಿದ ಮಳೆ ಮೂರು ದಿನವಾದರೂ ಬಿಟ್ಟಿರಲಿಲ್ಲ. ಊರಲ್ಲಿ ಒಂದು ಪುರಳೆ ಕಡ್ಡಿಯೂ ಒಣಗಿದ್ದು ಇರಲಿಲ್ಲವಂತೆ. ಅಪ್ಪನಿಗಿನ್ನೂ ಇಪ್ಪತ್ತು. ಬೆಂಕಿ ಇಟ್ಟರೆ ಬರೀ ಹೊಗೆ. ದೀಪಕ್ಕಿದ್ದ ಸೀಮೆಎಣ್ಣೆಯನ್ನೆಲ್ಲ ಸುರಿದರು, ಉರಿ ಎದ್ದು ಮತ್ತೆ ಕೂತುಬಿಟ್ಟಿತು. ಕೊನೆಗೆ ನಮ್ಮ ದನದ ಕೊಟ್ಟಿಗೆಯ ಸೂರು ಕಿತ್ತು, ಅದರ ತೊಲೆ, ಗಳಗಳನ್ನು ಹೊತ್ತುಕೊಂಡು ಹೋದರು. ಬೆಳಗ್ಗೆ ಹೋದ ಅಪ್ಪ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೊಗೆಗೆ ಕಣ್ಣು ಊದಿಕೊಂಡು ಮುಚ್ಚಿಹೋಗಿದ್ದವು. ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಅದಾದ ಮೇಲೆ ಆ ದಿನದ ಬಗ್ಗೆ ಅವರು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ ಎಂದರು ಅಜ್ಜಿ.

"ಪಚ್ಚಿ ಕಟ್ಟೆ ಕಾಲದು ನಂಜಿ" ಎಂದರು. ನಂಜಿ ಅಂದರೆ ನಾನು, ಮಾತಿನ ಅರ್ಥ ಹಸಿ ಸೌದೆ ಉರಿಯುವುದಿಲ್ಲ ಅಂತ. "ಅವರಿಗೆ ನಾನು ಒಣಗಿದ ನಾಲ್ಕು ಸೌದೆ ಕೊಡಕ್ಕಾಗ್ಲಿಲ್ಲ. ನಿಮ್ಮಪ್ಪ ನನ್ ಚಿತೆ ಮುಂದೆನೂ ಹಂಗೇ ಹೊಗೇಲಿ ನಿಂತ್ಕೋಬಾರ್ದು. ಅಷ್ಟೇ ಕಣೇ ನಾನು ಕೇಳ್ತಿರೋದು."

ಅದರಲ್ಲಿ ಎಷ್ಟು ಅರ್ಥವಾಯಿತೋ ನನಗೆ ನೆನಪಿಲ್ಲ. ಅಳು ನಿಂತಿತು. ನನ್ನನ್ನು ಸಮಾಧಾನ ಮಾಡಲು ಅಜ್ಜಿ ಅಲ್ಲೇ ಬಿದ್ದಿದ್ದ ಎರಡು ಕೊಂಬೆ ತುಂಡು ತೆಗೆದುಕೊಂಡು ಒಂದಕ್ಕೊಂದು ಬಡಿದು ತೋರಿಸಿದರು. ಹಸಿಯದಾದರೆ ದಪ್ ಎನ್ನುತ್ತದೆ. ಒಣಗಿದ್ದು ಠಣ್ ಎನ್ನುತ್ತದೆ. ನನ್ನ ಚಟ ಹುಟ್ಟಿದ್ದು ಅಲ್ಲಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಇದು ಕಲಿತದ್ದು, ಆದರೂ ಹೋಗಿಲ್ಲ.

ಕತೆ ಕೇಳಿದ ಮೇಲೂ ನಾನು ಜಾಮೀನು ಬಿಡಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಬುದ್ಧಿ ಅಜ್ಜಿಯ ಕಡೆಗಿದ್ದರೂ ಕೈಗಳು ಮರದ ಕಡೆಗೇ ಇದ್ದವು.

ಅಜ್ಜಿಯ ಲೆಕ್ಕಾಚಾರದಲ್ಲಿ ಒಂದು ತೊಡಕಿತ್ತು. ಮರ ಕಡಿದು, ಸೀಳಿ, ಒಣಗಿಸಲು ಒಂದು ಬೇಸಿಗೆಯಾದರೂ ಬೇಕು. ಹಾಗಾಗಿ ಅಪ್ಪ ಕೊಡಲಿ ಹಾಕಿದರೆ, ತಮ್ಮ ತಾಯಿ ಮುಂದಿನ ಮಳೆಗಾಲ ದಾಟುವುದಿಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ. ಯಾವ ಮಗ ಹಾಕಿಯಾನು? ಅಜ್ಜಿ ಕೇಳುತ್ತಲೇ ಇದ್ದರು, ಅಪ್ಪ ಟವಲು ಕೊಡವುತ್ತಲೇ ಇದ್ದರು. ನಡುವೆ ಯುದ್ಧ ಬಂತು. ಸೀಮೆಎಣ್ಣೆ ಕಾಣದಾಯಿತು, ಪೆಟ್ರೋಲು ಇಲ್ಲದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನಲ್ಲಿ ಓಡತೊಡಗಿದವು. ಶ್ರೀನಿವಾಸಪುರದಿಂದ ಒಬ್ಬ ಇದ್ದಿಲು ಕಂಟ್ರಾಕ್ಟರು ಹಳ್ಳಿಹಳ್ಳಿ ಸುತ್ತಿ ಮರ ಕೊಳ್ಳುತ್ತಾ ನಮ್ಮ ತೋಪಿಗೂ ಬಂದ. ಗೊಡ್ಡು ಮರ ಇದೆಯಂತಲ್ಲ, ಕೊಡಿ ಎಂದ. ಅಪ್ಪ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದರು, ಅಜ್ಜಿ ಒಳಗಿನಿಂದಲೇ ಕೂಗಿ ಹೇಳಿದರು, "ಅದು ನಿನ್ ಬಸ್ಸಿಗಲ್ಲಪ್ಪ. ನಾನು ಹೋಗೋ ಬಸ್ಸಿಗೆ ಬೇಕು ಅದು."

ಕಂಟ್ರಾಕ್ಟರಿಗೆ ಅರ್ಥವಾಗದೆ ಯಾವ ಬಸ್ಸು, ಮದನಪಲ್ಲಿಯದಾ ಎಂದು ಕೇಳಿದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು.

ಅದಾದ ಮರುವರ್ಷ, ನನ್ನ ಹತ್ತನೆಯ ವಯಸ್ಸಿನಲ್ಲಿ, ಮರ ಹೂ ಬಿಟ್ಟಿತು. ಕೊಡಲಿಗೆ ಹೆದರಿತೋ, ಕಂಟ್ರಾಕ್ಟರಿಗೆ ಹೆದರಿತೋ ದೇವರಿಗೇ ಗೊತ್ತು. ಎಲೆ ಕಾಣದ ಹಾಗೆ ಹೂ. ನಾನು ಊರಿಡೀ ಓಡಾಡಿ, ನನ್ನ ಜಾಮೀನು ಗೆದ್ದಿತು ಎಂದು ಸಾರಿಕೊಂಡು ಬಂದೆ. ಜ್ಯೇಷ್ಠದಲ್ಲಿ ಮೊದಲ ಹಣ್ಣು ಇಳಿಯಿತು, ಅಂಗೈಯಗಲದ್ದು, ಸಿಪ್ಪೆ ಹಸಿರಾಗಿದ್ದರೂ ಒಳಗೆ ಕೆಂಡದ ಬಣ್ಣ. ಅಪ್ಪ ತಂದು ಅಜ್ಜಿಯ ಕೈಗೇ ಕೊಟ್ಟರು. ಅಜ್ಜಿ ಹಣ್ಣನ್ನು ಹಿಸುಕಿ, ತೊಟ್ಟು ಕಿತ್ತು, ಒಂದು ಗುಟುಕು ಹೀರಿದರು. ಕಣ್ಣು ಮುಚ್ಚಿ ಇನ್ನೊಂದು ಗುಟುಕು ಹೀರಿದರು. ತಾತ ಸಂತೆಯಿಂದ ಬಂದು ವರ್ಣಿಸಿದ್ದ ರುಚಿ ಅದೇ ಇರಬೇಕು. ಆಮೇಲೆ ನನ್ನ ಕೆನ್ನೆ ಚಿವುಟಿ, ಫಲ ಬಿಟ್ಟ ಮರ ಕಡಿಯೋ ಹಂಗಿಲ್ಲ, ನನ್ನ ಸೌದೆ ಕಳೆದುಬಿಟ್ಟಲ್ಲೇ ಎಂದರು. ಅವರಿಗೆ ಸಂತೋಷವೂ ಆಗಿತ್ತು, ನಿಜವಾದ ಚಿಂತೆಯೂ ಆಗಿತ್ತು. ಅಪ್ಪ ಅಲ್ಲೇ ಇದ್ದರು. ಆ ದಿನ ಬಿಡ್ತು ಅನ್ನು ಅನ್ನಲಿಲ್ಲ. ಅದನ್ನು ಗಮನಿಸಿದವರು ಅಮ್ಮ ಒಬ್ಬರೇ.

ಮುಂದಿನ ಬೇಸಿಗೆಯಲ್ಲಿ ಅಪ್ಪ ಹೊಲದ ಬದುವಿನಲ್ಲಿ ನಿಂತಲ್ಲೇ ಒಣಗುತ್ತಿದ್ದ ಒಂದು ಹುಣಸೆ ಮರ ಕಡಿಸಿದರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಗಾಡಿಯಲ್ಲಿ ತಂದು ಸೀಳಿಸಿ, ಕೊಟ್ಟಿಗೆಯ ಪಕ್ಕದ ಚಪ್ಪರದ ಕೆಳಗೆ, ನೆಲ ತಾಗದ ಹಾಗೆ ಕಲ್ಲಿಟ್ಟು, ಅಡ್ಡಡ್ಡ ಜೋಡಿಸಿ, ಮೇಲೆ ಕಬ್ಬಿನ ಗರಿ ಹೊದಿಸಿದರು. ಅಮ್ಮ ಒಲೆಗೆ ಪುರಳೆ ಸಾಲದಿದ್ದರೂ ಆ ಕಡೆ ಕೈ ಚಾಚುತ್ತಿರಲಿಲ್ಲ. ಅಜ್ಜಿ ಮಾತ್ರ ದಿನಕ್ಕೊಂದು ಸಲ ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಹೋಗಿ ಎರಡು ಸೌದೆ ತೆಗೆದು ಬಡಿದು ಕೇಳಿ ಬರುತ್ತಿದ್ದರು. ನಾನೂ ಹಿಂದೆ ಹೋಗುತ್ತಿದ್ದೆ. ಶ್ರಾವಣ ಬರುವ ಹೊತ್ತಿಗೆ ಅವು ಗುಡಿಯ ಗಂಟೆಯ ಹಾಗೆ ಠಣ್ ಅನ್ನುತ್ತಿದ್ದವು. ಅಜ್ಜಿಯ ಮುಖದ ಮೇಲೆ ಒಂದು ನೆಮ್ಮದಿ ಇರುತ್ತಿತ್ತು. ಸಾವಿನ ಮಾತೇ ಆಡುವುದನ್ನು ಬಿಟ್ಟರು. ವಡೆಯ ಮಾತೂ ಇಲ್ಲ, ಮುನಿವೆಂಕಟಮ್ಮನ ಮಾತೂ ಇಲ್ಲ.

ಆ ವರ್ಷ ಕಾರ್ತೀಕದಲ್ಲಿ ಮತ್ತೆ ಹಿಡಿದ ಮಳೆ. ನಾಲ್ಕನೆಯ ದಿನ ಅಮ್ಮನಿಗೆ ಹೆರಿಗೆಯಾಯಿತು, ನನ್ನ ಬೆನ್ನಿಗೆ ಹನ್ನೊಂದು ವರ್ಷದ ಮೇಲೆ ತಮ್ಮ ಹುಟ್ಟಿದ. ಬಾಣಂತಿಗೆ ಹಂಡೆ ತುಂಬ ಬಿಸಿನೀರು ಬೇಕು, ಕೂಸಿಗೆ ಕೆಂಡ ಬೇಕು. ಮನೆಯ ಸೌದೆಯೆಲ್ಲ ನೆನೆದು ಮೆತ್ತಗಾಗಿತ್ತು. ಬಚ್ಚಲೊಲೆಯ ಮುಂದೆ ಕೂತು ಊದಿ ಊದಿ ನನ್ನ ಕಣ್ಣು ಉರಿಯತೊಡಗಿತು. ಹೊಗೆ ಬಾಣಂತಿಯ ಕೋಣೆಗೂ ನುಗ್ಗಿ ಕೂಸು ಕೆಮ್ಮತೊಡಗಿತು. ಅಜ್ಜಿ ಬಂದು ನೋಡಿದರು. ಅಪ್ಪನನ್ನು ಕರೆದು, ಚಪ್ಪರದ ಕೆಳಗಿನ ಸೌದೆ ತೆಗೆದುಕೊಂಡು ಬಾ ಎಂದರು.

ಅಪ್ಪ ಕದಲಲಿಲ್ಲ. "ಅಮ್ಮ, ಅದು..." ಎಂದು ನಿಲ್ಲಿಸಿದರು.

"ಅದು ಯಾವ್ದು? ಬಾಯಿ ಬಿಟ್ಟು ಹೇಳೋ."

ನಾನು ಊದುಕೊಳವೆ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದೆ. ಅಪ್ಪ ಟವಲಿಗೆ ಕೈ ಹಾಕಿದರು, ಕೊಡವಲಿಲ್ಲ.

"ನಿನಗೆ ಅಂತ ಇಟ್ಟಿದ್ದಮ್ಮ ಅದು. ನೀನು ಹೋದಾಗ ಬೇಕಾಗ್ತದೆ ಅಂತ."

ಅಂತೂ ಅಂದರು. ಹದಿನೆಂಟೋ ಇಪ್ಪತ್ತೋ ವರ್ಷ ಬಿಡ್ತು ಅನ್ನಿಸುತ್ತಿದ್ದ ಮನುಷ್ಯ ತಮ್ಮ ಬಾಯಿಂದಲೇ ಅಂದರು. ಅಜ್ಜಿ ಅವರ ಮುಖವನ್ನೇ ನೋಡಿದರು.

"ನನಗೆ ಅಂದ್ಮೇಲೆ ನನ್ನಿಷ್ಟ. ತಗೊಂಬಾ" ಎಂದರು. "ಅವಳಿಗೆ ಸ್ನಾನ ಆಗ್ಲಿ. ನಾನು ಇನ್ನೊಂದೆರಡು ವರ್ಷ ಕಾಯ್ತೀನಿ, ನಿಂಗೆ ಆಗ ಇನ್ನೊಂದು ಮರ ಕಡಿಯಕ್ಕೆ ಆಗ್ತದಲ್ಲ."

ಅಪ್ಪ ಟವಲು ತಲೆಗೆ ಹಾಕಿಕೊಂಡು ಮಳೆಯಲ್ಲಿ ಹೋಗಿ ಎರಡು ಕೈ ತುಂಬ ತಂದರು. ಒಲೆಗೆ ಇಟ್ಟದ್ದೇ ಹತ್ತಿಕೊಂಡಿತು. ಅಷ್ಟು ಚಂದದ ಉರಿ ನಮ್ಮ ಬಚ್ಚಲಲ್ಲಿ ನಾನು ನೋಡಿರಲಿಲ್ಲ. ಅಪ್ಪ, ಅಜ್ಜಿ ಇಬ್ಬರೂ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹಂಡೆ ಕುದಿಯುವ ತನಕ ಮಾತಾಡಿದರು. ಯಾವ ಸೀರೆ, ಯಾರಿಗೆ ಹೇಳಿಕಳಿಸಬೇಕು, ಕೊರಳ ಚಿನ್ನದ ಗುಂಡು ಯಾರಿಗೆ ಎಲ್ಲವನ್ನೂ ಅಜ್ಜಿ ಹೇಳಿದರು. ಗುಂಡು ನನಗಂತೆ. ಅಪ್ಪ ಹೂಂಗುಟ್ಟುತ್ತಾ ಒಂದೊಂದೇ ಸೌದೆ ಒಳಗೆ ತಳ್ಳುತ್ತಿದ್ದರು. ಏರಿ ಮೇಲೆ ಹೊತ್ತುಕೊಂಡು ಹೋಗುವ ಮಾತು ಬಂದಾಗ, ನೀನು ಜಾರಿ ಬಿದ್ದರೂ ಎದ್ದು ನಮ್ಮನ್ನೇ ಬೈತೀಯ ಬಿಡು ಎಂದು ಅಪ್ಪ ನಕ್ಕರು. ಕೊನೆಗೆ ತಾತನ ದಿನದ ಮಾತೂ ಬಂತು. ಅಪ್ಪನೇ ತೆಗೆದರು. ತಗ್ಗಿದ ದನಿಯಲ್ಲಿ ಆಡಿದ್ದರಿಂದ ನನಗೆ ಪೂರ್ತಿ ಕೇಳಿಸಲಿಲ್ಲ. ಅಜ್ಜಿ ಅವರ ಬೆನ್ನು ಸವರುತ್ತಿದ್ದದ್ದು ಕಾಣಿಸಿತು. ಅಷ್ಟು ದೊಡ್ಡ ಗಂಡಸಿನ ಬೆನ್ನನ್ನು ಸವರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಈಗ ನನ್ನ ಮಗನನ್ನೂ ಹಾಗೆ ಒಂದು ಒಲೆಯ ಮುಂದೆ ಕೂರಿಸಬೇಕು ಅನ್ನಿಸುತ್ತದೆ. ಏನು ಮಾಡುವುದು, ನಮ್ಮ ಮನೆಯಲ್ಲಿರುವುದು ಗ್ಯಾಸು. ಎರಡು ನಿಮಿಷಕ್ಕೆ ನೀರು ಕಾದುಹೋಗುತ್ತದೆ, ಅಷ್ಟರಲ್ಲಿ ಏನು ಮಾತಾಡುವುದು?

ಆ ಬಾಣಂತನಕ್ಕೆ ಅಜ್ಜಿಯ ಸೌದೆಯೆಲ್ಲ ಮುಗಿಯಿತು. ತಮ್ಮ ಅದರ ಕಾವಿನಲ್ಲಿ ದುಂಡಗೆ ಬೆಳೆದ. ಇವನು ನನ್ನ ಚಿತೇಲಿ ಬೆಂದವನು ಎಂದು ಅಜ್ಜಿ ಅವನನ್ನು ಎತ್ತಿ ಆಡಿಸುವಾಗ ಅಮ್ಮ ಬಿಡ್ತು ಅನ್ನಿ ಅತ್ತೆ ಎನ್ನುತ್ತಿದ್ದರು, ಅಪ್ಪ ನಗುತ್ತಿದ್ದರು. ಬೇಸಿಗೆ ಬಂದಾಗ ಅಪ್ಪ ಈ ಸಲ ಎಲ್ಲರಿಗೂ ಹೇಳಿಯೇ ಇನ್ನೊಂದು ಮರ ಕಡಿಸಿದರು, ಹಳೆಯ ಹೊಂಗೆ. ಜೋಡಿಸುವಾಗ ಅಜ್ಜಿ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಇದನ್ನು ಅಲ್ಲಿಡು, ಅದನ್ನು ಇಲ್ಲಿಡು ಎಂದು ಹೇಳುತ್ತಿದ್ದರು. ಸೌದೆ ಒಣಗಿತು. ಒಂದು ಮಳೆಗಾಲ ಬಂತು, ಹೋಯಿತು. ಇನ್ನೊಂದೂ ಹೋಯಿತು. ಅಜ್ಜಿಗೆ ಏನೂ ಆಗಲಿಲ್ಲ.

ಅವರು ಹೋದದ್ದು ಚೈತ್ರದಲ್ಲಿ, ಯುಗಾದಿ ಕಳೆದ ಎಂಟು ದಿನಕ್ಕೆ. ನನಗೆ ಹದಿನಾಲ್ಕು. ಅವರೇಬೇಳೆ ಹಾಕಿದ ಉಪ್ಪಿಟ್ಟು ತಿಂದು, ಎದೆ ಹಿಡಿದಂತಾಗುತ್ತದೆ ಎಂದು ಗೋಡೆಗೆ ಒರಗಿದರು, ಅಷ್ಟೆ. ಬಿಸಿಲು ಹೇಗಿತ್ತೆಂದರೆ ದಾರಿಯಲ್ಲಿ ಬಿದ್ದಿದ್ದ ಯಾವ ಕಡ್ಡಿ ಮುಟ್ಟಿದರೂ ಮುರಿಯುತ್ತಿತ್ತು. ಇಡೀ ಊರಿನಲ್ಲಿ ಹಸಿ ಸೌದೆ ಹುಡುಕಿದರೂ ಸಿಗುತ್ತಿರಲಿಲ್ಲ. ಹೀಗೆ ಬೇಸಿಗೆಯಲ್ಲಿ ಹೋಗುವವರು ಅಷ್ಟು ವರ್ಷ ಸೌದೆಗಾಗಿ ಜೀವ ತೇಯ್ದರಲ್ಲ ಎಂದು ಬಂದವರು ಒಬ್ಬಿಬ್ಬರು ಆಡಿಕೊಂಡರು. ಅಪ್ಪ ಯಾರ ಮಾತಿಗೂ ಕಿವಿ ಕೊಡದೆ ಚಪ್ಪರದ ಕೆಳಗೆ ಹೋಗಿ, ಗರಿ ಸರಿಸಿ, ಎರಡು ಸೌದೆ ತೆಗೆದುಕೊಂಡು ಬಡಿದು ನೋಡಿದರು. ಅಪ್ಪ ಹಾಗೆ ಬಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಸೌದೆ ಸಾಗಿಸಲು ಗಾಡಿ ಕಟ್ಟಿ ಎಂದರು.

ಏರಿ ಮೇಲೆಯೇ ಹೊತ್ತುಕೊಂಡು ಹೋದರು. ಮುನಿವೆಂಕಟಮ್ಮ ರಾಗ ಎಳೆದು ಅತ್ತಳು, ಅದನ್ನು ಯಾರಿಂದಲೂ ತಡೆಯಲಾಗಲಿಲ್ಲ. ಹೆಣ್ಣುಮಕ್ಕಳು ಅತ್ತ ಹೋಗುವ ಹಾಗಿರಲಿಲ್ಲ. ನಾನು ತಮ್ಮನನ್ನು ಸೊಂಟಕ್ಕೆ ಹಾಕಿಕೊಂಡು ಹಿತ್ತಿಲಿಗೆ ಹೋಗಿ ತಾತನ ಮರದ ಕೆಳಗೆ ನಿಂತೆ. ಮರದ ತುಂಬ ಮಿಡಿ. ಅದರ ಮೇಲೆ ನನಗೆ ತುಂಬ ಕೋಪ ಬಂತು. ಅಷ್ಟು ವರ್ಷ ಜಾಮೀನು ನಿಂತಿದ್ದೆನಲ್ಲ, ನೀನು ನಿಂತಿದ್ದೀಯ, ಅವರೆಲ್ಲಿ ಎಂದು ಕೇಳಿದೆ. ಕೇಳಿ, ಬೇರಿನ ಮೇಲೆ ಕೂತು ಅತ್ತೆ.

ಹೊತ್ತು ಇಳಿಯುವ ಮೊದಲೇ ಗಂಡಸರು ವಾಪಸಾದರು. ಕೆರೆಯಲ್ಲಿ ಮುಳುಗಿ ಬಂದ ಒದ್ದೆ ಪಂಚೆಯಲ್ಲೇ ಅಪ್ಪ ಬಾಗಿಲಲ್ಲಿ ನಿಂತರು. ಅಜ್ಜಿಯನ್ನು ಮಲಗಿಸಿದ್ದ ಜಾಗವನ್ನು ಸಾರಿಸಿ ಅಮ್ಮ ಒಂದು ಹಣತೆ ಹಚ್ಚಿಟ್ಟಿದ್ದರು. ಮಸಣದಿಂದ ಬಂದವರು ಅದನ್ನು ನೋಡಿಕೊಂಡು ಹೋಗಬೇಕು, ಏನೂ ಮಾತಾಡಬಾರದು, ಅದು ಪದ್ಧತಿ. ಉಳಿದವರೆಲ್ಲ ಒಬ್ಬೊಬ್ಬರಾಗಿ ನೋಡಿ ತಿರುಗಿ ಹೋದರು. ಅಪ್ಪ ಹೋಗಲಿಲ್ಲ. ಹೊಸ್ತಿಲ ಹತ್ತಿರ ಮಂಡಿಯೂರಿ, ದೀಪದ ಕಡೆಗೆ ಬಗ್ಗಿ, ಮನೆಯೊಳಗಿನ ಯಾರಿಗೋ ವರದಿ ಒಪ್ಪಿಸುವ ಹಾಗೆ ಹೇಳಿದರು:

"ಹೊಗೆ ಬರ್ಲಿಲ್ಲ ಕಣಮ್ಮ. ಒಂದಿಷ್ಟೂ ಬರ್ಲಿಲ್ಲ."